ಸ್ಟ್ರಾಬೆರಿಯ ನಾಳ

ನಾನು ಶಾಲೆ ಬಿಟ್ಟಿದ್ದು ಏಳನೆಯ ತರಗತಿಯಲ್ಲಿ. ಅದನ್ನು ಯಾರ ಮುಂದೂ ಮುಚ್ಚಿಟ್ಟವನಲ್ಲ, ಅದಕ್ಕಾಗಿ ತಲೆ ತಗ್ಗಿಸಿದವನೂ ಅಲ್ಲ. ಕೈಯಲ್ಲಿ ಕೆಲಸ ಇದ್ದವನ ಹತ್ತಿರ ಮಾರ್ಕ್ಸ್ ಕಾರ್ಡು ಕೇಳುವವರು ಕಡಿಮೆ. ಗಿಡದ ವಿಷಯದಲ್ಲಂತೂ ನಾನು ಕಲಿತದ್ದೆಲ್ಲ ಗಿಡದ ಮುಂದೆ ಕುಕ್ಕರಗಾಲಿನಲ್ಲಿ ಕೂತು ಕಲಿತದ್ದು. ಸಂತಪುರದ ಹತ್ತಿರದ ನಮ್ಮ ಹಳ್ಳಿಯ ಮನೆಗೆ ಚಳಿಗಾಲದಲ್ಲಿ ಯಾರಾದರೂ ಬಂದರೆ ಹಿತ್ತಲಿನ ಕೆಂಪು ಹಣ್ಣು ನೋಡಿ ನಿಂತುಬಿಡುತ್ತಾರೆ.

"ಇದೇನ್ರಿ, ಔರಾದ ತಾಲೂಕಿನಾಗ ಸ್ಟ್ರಾಬೆರಿ? ಎಲ್ಲಿಂದ ತಂದ್ರಿ?"

"ಹೆಂಡ್ತಿ ತವರುಮನಿಂದ ಬಂದಾವ್ರಿ" ಎನ್ನುತ್ತೇನೆ.

ಅವರು ನಗುತ್ತಾರೆ. ತವರಿನವರು ಬಂಗಾರ ಕೊಡುತ್ತಾರೆ, ಪಾತ್ರೆ ಭಾಂಡೆ ಕೊಡುತ್ತಾರೆ, ಸ್ಟ್ರಾಬೆರಿ ಯಾರು ಕೊಡುತ್ತಾರೆ? ಅವರ ನಗುವಿಗೆ ಒಳಗಿನಿಂದ ನನ್ನ ಹೆಂಡತಿಯ ನಗುವೂ ಕೂಡುತ್ತದೆ. ಅವಳ ನಗುವಿಗೆ ಕಾರಣ ಬೇರೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆಗ ಮಳೆ ಎರಡು ವರ್ಷ ಮೇಲಿಂದ ಮೇಲೆ ಕೈಕೊಟ್ಟಿತ್ತು. ನಮ್ಮ ಎರೆ ಹೊಲದಲ್ಲಿ ಸೋಯಾ ಗೇಣುದ್ದ ಬೆಳೆದು ನಿಂತಲ್ಲೇ ಹಳದಿಯಾಯಿತು. ಬಿರುಕಿನಲ್ಲಿ ಮೊಣಕೈವರೆಗೆ ಕೈ ಹೋಗುತ್ತಿತ್ತು. ಊರಿನ ಕೆಲವರು ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋದರು, ಕೆಲವರು ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಹೊರಟರು. ನಮಗೆ ಮದುವೆಯಾಗಿ ಆರು ತಿಂಗಳಾಗಿತ್ತು. ಕೂಲಿಯವರನ್ನು ಕೂಡಿಸಿ ಕರೆದೊಯ್ಯುವ ಮುಕಾದಮನೊಬ್ಬ ಸಂತಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ಮಹಾರಾಷ್ಟ್ರದ ವಾಯಿ ಊರಿನ ಕಡೆ ಸ್ಟ್ರಾಬೆರಿ ತೋಟಗಳಿವೆ, ನೆರಳಿದೆ, ನೀರಿದೆ ಎಂದ. ಅವನದು ಒಂದೇ ಶರತ್ತು.

"ಜೋಡಿ ಇದ್ರ ಬಾ. ಒಬ್ಬೊಬ್ಬರನ್ನ ನಾ ಒಯ್ಯಲ್ಲ."

ಗಂಡ ಅಗೆದರೆ ಹೆಂಡತಿ ನೆಡಬೇಕು, ಹೆಂಡತಿ ಹಣ್ಣು ಬಿಡಿಸಿದರೆ ಗಂಡ ಬುಟ್ಟಿ ಹೊರಬೇಕು. ಆ ಕೆಲಸದ ನಡೆಯೇ ಹಾಗೆ. ದೀಪಾವಳಿ ಮುಗಿಸಿ ಇಬ್ಬರೂ ಹೋದೆವು.

ಹಣ್ಣಿನ ಹೊಲದಲ್ಲಿ ನಮ್ಮ ಮೊದಲ ಕೆಲಸ ಬಳ್ಳಿ ಕತ್ತರಿಸುವುದು. ಸ್ಟ್ರಾಬೆರಿ ಗಿಡ ಸುಮ್ಮನೆ ಕೂರುವ ಗಿಡವಲ್ಲ. ಬುಡದಿಂದ ದಾರದಂಥ ಒಂದು ಬಳ್ಳಿ ಬಿಟ್ಟು ನೆಲದ ಮೇಲೆ ಹರಿಯುತ್ತದೆ. ಗೇಣು ದೂರ ಹೋಗಿ ಅದರ ತುದಿಯಲ್ಲಿ ಮತ್ತೊಂದು ಪುಟ್ಟ ಗಿಡ ಕಣ್ಣು ಬಿಡುತ್ತದೆ. ಹಣ್ಣು ಬೇಕಾದವನು ಆ ಬಳ್ಳಿಯನ್ನು ಉಳಿಸುವುದಿಲ್ಲ, ಗಿಡದ ಸತ್ವವೆಲ್ಲ ಅದಕ್ಕೇ ಹೋಗುತ್ತದೆ. ಆದರೆ ಅದೇ ಮಾಲಕನ ಸಸಿ ಬೆಳೆಸುವ ಮಡಿಯಲ್ಲಿ ಎಲ್ಲ ತಿರುಗಾಮುರುಗಾ. ಅಲ್ಲಿ ಹೂವು ಚಿವುಟಬೇಕು, ಬಳ್ಳಿ ಬೆಳೆಸಬೇಕು. ತುದಿಯ ಮರಿಗಿಡವನ್ನು ಮಣ್ಣಿಗೆ ತಾಗಿಸಿ, ಬಾಗಿಸಿದ ತಂತಿಯಿಂದ ಮೆಲ್ಲಗೆ ಒತ್ತಿಡಬೇಕು. ಎಲೆ ಹೊರಡುವ ಕುತ್ತಿಗೆ ಮಣ್ಣಲ್ಲಿ ಹೂತುಹೋಗಬಾರದು. ಮೂರು ನಾಲ್ಕು ವಾರಕ್ಕೆ ಬೇರು ಹಿಡಿಯುತ್ತದೆ. ಹಿಡಿಯಿತೋ ಇಲ್ಲವೋ ಎಂದು ನೋಡಲು ಎರಡು ಬೆರಳಲ್ಲಿ ಮೆಲ್ಲಗೆ ಜಗ್ಗುವುದು. ಜಗ್ಗಿದರೆ ಬರದಿದ್ದ ಮೇಲೆ ಬಳ್ಳಿ ಕತ್ತರಿಸುವುದು. ಅಲ್ಲಿಯವರೆಗೆ ಅದು ತಾಯಿಯ ಅನ್ನವನ್ನೇ ಉಣ್ಣುತ್ತದೆ. ಮಾಲಕ ಅದನ್ನು ರನ್ನರ್ ಎನ್ನುತ್ತಿದ್ದ. ನಮ್ಮ ಜೊತೆಗಿದ್ದ ಮರಾಠಿ ಹೆಂಗಸರು ನಾಳ ಎನ್ನುತ್ತಿದ್ದರು, ಹೊಕ್ಕುಳಬಳ್ಳಿಗೆ ಅವರು ಹೇಳುವ ಮಾತು. ನನಗೆ ಆ ಮಾತೇ ನಾಲಿಗೆಗೆ ಹತ್ತಿತು.

ನನ್ನ ಹೆಂಡತಿ ಈ ಕೆಲಸದಲ್ಲಿ ನನಗಿಂತ ಚುರುಕು. ನಾನು ಒಂದು ಸಾಲು ಮುಗಿಸುವಷ್ಟರಲ್ಲಿ ಅವಳು ಎರಡನೆಯದರ ಅರ್ಧಕ್ಕೆ ಹೋಗಿ ಹಿಂತಿರುಗಿ ನೋಡಿ, "ನಿದ್ದಿ ಹತ್ಯದೇನ್ರಿ?" ಎನ್ನುತ್ತಿದ್ದಳು. ಹಣ್ಣನ್ನು ಮಾತ್ರ ನಾವು ಬಾಯಿಗೆ ಹಾಕುವಂತಿರಲಿಲ್ಲ. ಕೆಲವರು ಕದ್ದು ತಿನ್ನುತ್ತಿದ್ದರು, ಇವಳು ಮುಟ್ಟಲಿಲ್ಲ. "ತಿಂದ್ರ ನಮ್ಮ ಮನಿದು ತಿನ್ನಬೇಕು" ಎಂದಳು ಒಮ್ಮೆ, ಅಷ್ಟೆ. ಆ ಮಾತು ನನ್ನ ಕಿವಿಯಲ್ಲೇ ಉಳಿಯಿತು.

ಅಲ್ಲಿರುವಾಗಲೇ ಬಸುರಿಯಾಗಿದ್ದ ಅವಳನ್ನು ಏಳನೆಯ ತಿಂಗಳಿಗೆ ಬೀದರಿಗೆ, ತವರಿಗೆ ಕಳಿಸಿದೆ. ನಾನು ಮೇ ಕೊನೆಯವರೆಗೆ ಸಸಿ ಮಡಿಯಲ್ಲೇ ಉಳಿದೆ. ಹೊರಡುವ ದಿನ ಮಾಲಕ, ಎಸೆಯಲು ಇಟ್ಟಿದ್ದ ಸೊರಗಿದ ತಾಯಿಗಿಡಗಳಲ್ಲಿ ನಾಲ್ಕನ್ನು ಒಯ್ಯಿ ಎಂದ. ಮುಕಾದಮ ಬಸ್ಸಿನವರೆಗೆ ಬಂದ.

"ಗಣಪತಿ ಹಬ್ಬಕ್ಕ ನಾಟಿ ಶುರು ಆಗ್ತದ. ಜೋಡಿ ಸಮೇತ ಬಾ. ಕೂಸು ಇದ್ರೂ ನಡೀತದ, ಎಲ್ಲಾರೂ ತರ್ತಾರ."

"ಬರ್ತೇನಿ" ಎಂದು ಮಾತು ಕೊಟ್ಟೆ. ಕೊಟ್ಟ ಮಾತು ತಪ್ಪುವುದು ನನಗೆ ಆಗದ ಕೆಲಸ. ಅತ್ತೆಯ ಮನೆಯಲ್ಲಿ ಕೂತು ಉಣ್ಣುವುದು ಅದಕ್ಕಿಂತಲೂ ಆಗದ ಕೆಲಸ. ಮನೆ ಅಳಿಯ ಅನ್ನಿಸಿಕೊಳ್ಳುವುದಕ್ಕಿಂತ ತಗಡಿನ ಗುಡಿಸಲೇ ಮೇಲು ಎಂಬ ಲೆಕ್ಕ ನನ್ನದು. ಹೆಂಡತಿ, ಮಗು ಇಬ್ಬರನ್ನೂ ಕರೆದುಕೊಂಡು ಎರಡೂವರೆ ತಿಂಗಳಿಗೆ ಹೊರಟುಬಿಡುವುದು ಎಂದು ಬಸ್ಸಿನಲ್ಲೇ ನಿಶ್ಚಯ ಮಾಡಿದ್ದೆ.

ಲಾತೂರಿಗೆ ರೈಲಿನಲ್ಲಿ ನೀರು ತಂದ ಬೇಸಿಗೆ ಅದು. ಒದ್ದೆ ಗೋಣಿಯಲ್ಲಿ ಸುತ್ತಿದ ನಾಲ್ಕು ಗಿಡಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ರೈಲಿನಲ್ಲಿ ಕೂತಿದ್ದೆ. ಉದಗೀರ ದಾಟುವಷ್ಟರಲ್ಲಿ ಗೋಣಿ ಒಣಗಿ ಚುಚ್ಚುತ್ತಿತ್ತು. ಭಾಲ್ಕಿಯಲ್ಲಿ ಒಬ್ಬ ಅಜ್ಜಿ ನೀರಿನ ಕ್ಯಾನು ಹೊತ್ತು ಹತ್ತಿ ನನ್ನೆದುರಿಗೆ ಕೂತಳು. ಮಗಳ ಮನೆಗೆ ಬೀದರಿಗೆ ಹೊರಟವಳು. ಅಲ್ಲಿಯೂ ನೀರಿಲ್ಲವೆಂದು ಭಾಲ್ಕಿಯಿಂದ ನೀರು ಒಯ್ಯುತ್ತಿದ್ದಳು. ಗೋಣಿಯನ್ನು ಬಹಳ ಹೊತ್ತು ನೋಡಿದಳು.

"ಏನದ ತಮ್ಮಾ ಅದರಾಗ?"

"ಗಿಡ ಅವರಿ ಆಯಿ. ಹಣ್ಣಿನವು."

"ಜೀವ ಅದನು?"

"ಅದ ಅನಸ್ತದರಿ."

ಕ್ಯಾನಿನ ಮುಚ್ಚಳ ತೆಗೆದು, ಅದೇ ಮುಚ್ಚಳದಲ್ಲಿ ಎರಡು ಸಲ ನೀರು ಹಿಡಿದು ಗೋಣಿಯ ಮೇಲೆ ಸುರಿದಳು. ನನಗೆ ಕುಡಿಯಲು ಕೊಡಲಿಲ್ಲ. "ನೀ ದೊಡ್ಡಾವ ಇದ್ದಿ, ತಡೀತಿ" ಎಂದಳು.

ನನ್ನ ಅತ್ತೆ ಮಿಷನ್ ದವಾಖಾನೆಯಲ್ಲಿ ಮೂವತ್ತು ವರ್ಷ ನರ್ಸಾಗಿದ್ದವರು. ಮಾವ ತೀರಿಕೊಂಡ ಮೇಲೆ ಚರ್ಚಿನ ಹಿಂದಿನ ಓಣಿಯ ಆ ಮನೆಯಲ್ಲಿ ಒಬ್ಬರೇ ಇದ್ದರು, ಒಬ್ಬರೇ ಇಡೀ ಓಣಿಯನ್ನು ಆಳುತ್ತಿದ್ದರು. ಎಲ್ಲರ ಬಾಯಲ್ಲೂ ಅವರು ಸಿಸ್ಟರ್. ಮಗಳಿಗೆ ನೌಕರಿ ಇದ್ದ ಗಂಡು ಹುಡುಕಿದ್ದರು, ಮಗಳು ನನ್ನನ್ನು ಒಪ್ಪಿದಳು. ಅದನ್ನು ಅವರು ಬಾಯಿಬಿಟ್ಟು ಎಂದೂ ಎತ್ತಿ ಆಡಲಿಲ್ಲ. 'ರಿ' ಹಚ್ಚದೆ ನನ್ನ ಜೊತೆ ಮಾತಾಡಿದವರೂ ಅಲ್ಲ. ಆ 'ರಿ'ಯಲ್ಲೇ ಎಲ್ಲ ಇರುತ್ತಿತ್ತು.

ನಾನು ಹಿತ್ತಲಲ್ಲಿ ಗೋಣಿ ಬಿಚ್ಚಿದಾಗ ಬಾಗಿಲಲ್ಲಿ ನಿಂತು ನೋಡಿದರು.

"ಏನ್ರಿ ಅಳಿಯಾರ, ಬಾಳಂತನಕ್ಕ ಕೊಬ್ಬರಿ, ಖಾರಿಕ ತರ್ತಾರ ಅಂತ ದಾರಿ ನೋಡ್ಲತ್ತಿದ್ದೆ. ಕಸ ತಂದೀರಿ."

"ಕಸ ಅಲ್ರಿ ಅತ್ತಿ. ಸ್ಟ್ರಾಬೆರಿ."

"ಕೂಸಿಗಿ ಎರಿಲಿಕ್ಕಿ ನೀರಿಲ್ಲ. ನಿಮ್ಮ ಸ್ಟ್ರಾಬೆರಿಗಿ ಎಲ್ಲಿಂದ ತರ್ಲಿ?"

"ನಿಮ್ಮ ನೀರು ಬ್ಯಾಡ್ರಿ. ನಾ ತರ್ತೇನಿ."

ತಂದೆ ಕೂಡ. ಟ್ಯಾಂಕರ್ ವಾರಕ್ಕೊಮ್ಮೆ ಬರುತ್ತಿತ್ತು. ಅದರ ನೀರಿಗೆ ನಾನು ಕೈ ಹಚ್ಚಲಿಲ್ಲ. ಕೆಳಗಿನ ಓಣಿಯ ಬಾವಿಯ ತಳದಲ್ಲಿ ಉಳಿದ ಕೆಸರು ನೀರನ್ನು ಕೊಡದಲ್ಲಿ ತುಂಬಿ ತಂದು, ತಿಳಿಯಾದ ಮೇಲೆ ಹಾಕುತ್ತಿದ್ದೆ. ಮೊದಲು ಮನೆಗೆ ಎರಡು ಕೊಡ, ಆಮೇಲೆ ಗಿಡಕ್ಕೆ ಒಂದು ತಂಬಿಗೆ. ನನಗೆ ಭರವಸೆ ಇದ್ದದ್ದು ಮಣ್ಣಿನ ಮೇಲೆ. ಬೀದರದ ಮಣ್ಣು ಕೆಂಪು, ಸ್ಟ್ರಾಬೆರಿ ನಾಡಿನ ಮಣ್ಣೂ ಹಾಗೇ ಕೆಂಪು. ನಮ್ಮ ಹಳ್ಳಿಯ ಎರೆ ಮಣ್ಣಿನಲ್ಲಿ ಆ ಬೇರು ಉಸಿರು ಕಟ್ಟಿ ಸಾಯುತ್ತಿತ್ತು. ಪೇರಲ ಗಿಡದ ನೆರಳಿಗೆ, ಮುರಿದ ಛತ್ರಿಯೊಂದನ್ನು ಮೇಲೆ ಊರಿ ನೆಟ್ಟೆ. ಆದರೂ ಎರಡು ಗಿಡ ನಾಲ್ಕೇ ದಿನಕ್ಕೆ ಸುಟ್ಟುಹೋದವು. ಉಳಿದೆರಡು ನಡುವಿನ ಎಲೆಯನ್ನಷ್ಟೇ ಹಿಡಿದುಕೊಂಡು ಕೂತವು.

ಅಷ್ಟರಲ್ಲಿ ಮಗಳು ಹುಟ್ಟಿದಳು.

ಮಗುವಿಗೆ ಎರೆಯುವುದು ಅತ್ತೆಯ ಕೆಲಸ. ಕಾಲು ಚಾಚಿ ಕೂತು, ಎಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ ಮೊದಲ ನೀರು ಹಾಕುವರು. ಎರಡನೆಯದು ಬರಿಯ ಬಿಸಿನೀರು. ಆ ಎರಡನೆಯ ನೀರು ಕೆಳಗಿಟ್ಟ ಬುಟ್ಟಿಯಲ್ಲಿ ಬೀಳುತ್ತಿತ್ತು. ಮೂರನೆಯ ದಿನ, ನಾನು ಕೊಡ ಹಿಡಿದು ಹೊರಟಾಗ ಒಳಗಿನಿಂದಲೇ ಕೂಗಿದರು:

"ಎರಡನೇ ನೀರು ಆರ್ಲಕ್ಕ ಇಟ್ಟೀನ್ರಿ ಅಳಿಯಾರ. ಚೆಲ್ಲೂದಕ್ಕ ನಿಮ್ಮ ಕಸಕ್ಕರ ಹಾಕ್ರಿ."

ಅಂದಿನಿಂದ ನನ್ನ ಗಿಡಗಳು ಮಗಳ ಮೈ ತೊಳೆದ ನೀರು ಕುಡಿದು ಬೆಳೆದವು. ಮಗುವಿನ ಹೊಕ್ಕುಳು ಒಣಗಿ ಉದುರಿದ ದಿನ ಅತ್ತೆ ಖುಷಿಯಲ್ಲಿದ್ದರು. ತಮ್ಮ ಕಾಲದ ಹೆರಿಗೆಗಳ ಸುದ್ದಿ ತೆಗೆದರು. ಈಗಿನಂತೆ ಕ್ಲಿಪ್ಪು ಇರಲಿಲ್ಲವಂತೆ. ಬಿಳಿ ದಾರ, ಕುದಿಸಿದ ಬ್ಲೇಡು. ಎರಡು ಕಡೆ ದಾರ ಬಿಗಿದು ನಡುವೆ ಕತ್ತರಿಸುವುದು. "ಹುಟ್ಟಿದ ಮ್ಯಾಲ ತಡಾ ಮಾಡಬಾರದ್ರಿ. ತಡಾ ಮಾಡಿದ್ರ ತಾಯಿಗೂ ತ್ರಾಸು, ಕೂಸಿಗೂ ತ್ರಾಸು" ಎಂದರು. ನಾನು ಹೂಂ ಎಂದೆ. ಎಷ್ಟೋ ಮಕ್ಕಳ ನಾಳ ಕತ್ತರಿಸಿದ ಕೈ ಅದು.

ಜೂನ್ ನಡುವೆ ಮಳೆ ಬಂತು. ಎರಡು ವರ್ಷ ಮುಖ ತೋರಿಸದ ಮಳೆ ಹಿತ್ತಲಿನ ಗೋಡೆ ತೋಯಿಸಿ ಕೆಂಪು ನೀರಾಗಿ ಹರಿಯಿತು. ಹದಿನೈದು ದಿನಕ್ಕೆ ಎರಡೂ ಗಿಡ ಎಲೆ ತುಂಬಿಕೊಂಡವು. ಒಂದು ಮುಂಜಾನೆ ನೋಡುತ್ತೇನೆ, ಬುಡದಿಂದ ಎಳೆಗೆಂಪು ಬಳ್ಳಿಗಳು ಹೊರಟಿವೆ. ಇನ್ನೊಂದು ವಾರಕ್ಕೆ ತುದಿಯಲ್ಲಿ ಆರು ಮರಿಗಿಡ. ಅತ್ತೆಯನ್ನು ಕರೆದೆ. ಅವರು ಕನ್ನಡಕ ಹಾಕಿಕೊಂಡು ಬಂದು ಬಾಗಿದರು.

"ಇದು ತಾಯಿ ನೋಡ್ರಿ. ಇವು ಮಕ್ಕಳು. ನಡಬರಕ ಇರೂದು ನಾಳ."

"ನಾಳ ಅಂದ್ರ ನಮ್ಮದೇ ನಾಳ ಏನ್ರಿ?"

"ಅದೇ ರಿ. ಹೊಕ್ಕಳದ್ದು."

"ಸಾಲ್ಯಾಗ ಕಲಿಸಿದ್ರೇನ್ರಿ ಇದು?"

"ಸಾಲಿ ಬಿಟ್ಟ ಮ್ಯಾಲ ಕಲ್ತದ್ದು" ಎಂದೆ, ಎದೆ ಉಬ್ಬಿಸಿ. ಅಷ್ಟು ಹೇಳಿ, ಉಳಿದದ್ದು ಹೇಳದೆ ಜನವಾಡದ ಬಸ್ಸು ಹಿಡಿದೆ. ಅಲ್ಲಿ ಒಂದು ಮನೆಯ ಗೋಡೆ ಏಳುತ್ತಿತ್ತು, ಕಲ್ಲು ಹೊರುವ ಕೆಲಸ ಸಿಕ್ಕಿತ್ತು.

ಸಂಜೆ ಬಂದು ಕೈಕಾಲು ತೊಳೆಯುವ ಮೊದಲೇ ಹಿತ್ತಲಿಗೆ ಹೋದೆ. ಆರೂ ಮರಿಗಿಡ ನೆಲದ ಮೇಲೆ ಬಿದ್ದುಕೊಂಡಿದ್ದವು, ಎಲೆ ಬಾಡಿ ಬಟ್ಟೆಯಂತಾಗಿದ್ದವು. ಆರೂ ಬಳ್ಳಿ ತುಂಡಾಗಿದ್ದವು. ಪ್ರತಿಯೊಂದು ಬಳ್ಳಿಗೂ ಎರಡೆರಡು ಕಡೆ ಬಿಳಿ ದಾರದ ಗಂಟು. ಎಷ್ಟು ಅಚ್ಚುಕಟ್ಟಾದ ಗಂಟು ಎಂದರೆ ಒಂದಕ್ಕಿಂತ ಒಂದು ಹೆಚ್ಚಿಲ್ಲ, ಕಡಿಮೆಯಿಲ್ಲ.

"ಯಾರ್ರಿ ಇದು ಮಾಡಿದ್ದು?" ಎಂದೆ. ಗೊತ್ತಿದ್ದೂ ಕೇಳಿದೆ.

ಅತ್ತೆ ಸೆರಗಿಗೆ ಕೈ ಒರೆಸುತ್ತ ಬಂದರು. ಮುಖದಲ್ಲಿ ಕೆಲಸ ಮುಗಿಸಿದ ಸಮಾಧಾನ.

"ನಾನೇ ರಿ. ನೀವು ಕೆಲಸಕ್ಕ ಹೋದ್ರಿ, ಹುಟ್ಟಿದ ಕೂಸಗೋಳು ಹಂಗೇ ಬಿದ್ದಿದ್ವು. ಬ್ಲೇಡ್ ಕುದಿಸೇ ಕತ್ತರಿಸೀನ್ರಿ, ಫಿಕರ್ ಮಾಡಬ್ಯಾಡ್ರಿ."

ನನ್ನ ಬಾಯಿ ನನ್ನ ಕೈಯಲ್ಲಿ ಉಳಿಯಲಿಲ್ಲ. "ಗೊತ್ತಿಲ್ಲದ ಕೆಲಸಕ್ಕ ಕೈ ಹಾಕಬಾರದ್ರಿ ಅತ್ತಿ. ಬೇರು ಹಿಡೀದ ನಾಳ ಕತ್ತರಸ್ತಾರೇನು? ಎಲ್ಲಾ ಸತ್ತು."

ಅವರು ಒಂದು ಗಳಿಗೆ ಮರಿಗಿಡಗಳನ್ನೇ ನೋಡಿದರು.

"ನಾಳ ಅಂದವರು ನೀವು. ಬೇರಿನ ಮಾತು ನೀವು ಹೇಳಲಿಲ್ಲ. ನನಗ ಗೊತ್ತಿದ್ದ ನಾಳಕ್ಕ ಏನ್ ಮಾಡಬೇಕೋ ಅದನ್ನ ಮಾಡೀನಿ" ಎಂದು ಒಳಗೆ ಹೋದರು. ಆ ಮಾತಿನಲ್ಲಿ ಒಂದೂ 'ರಿ' ಇರಲಿಲ್ಲ.

ಬಾಣಂತಿ ಕೋಣೆಯಿಂದ ಏನೋ ಸದ್ದು. ಅಳುತ್ತಿದ್ದಾಳೆಂದು ಹೋಗಿ ನೋಡಿದರೆ ನನ್ನ ಹೆಂಡತಿ ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದಾಳೆ, ಪಕ್ಕದಲ್ಲಿ ಮಗು ಎಚ್ಚರಾಗಿ ಕೈ ಬಡಿಯುತ್ತಿದೆ.

"ನೀ ನೋಡಿಯೂ ಸುಮ್ಮನಿದ್ದೇನು?"

"ನಾ ಮಲಗಿದ್ದೆ ರಿ. ಎದ್ದು ನೋಡ್ತೇನಿ, ಆರನೇದ್ದಕ್ಕ ದಾರ ಕಟ್ಲತ್ತಾಳ. ಆರು ಹೆರಿಗಿ ಮುಗಿಸ್ಯಾಳ ಒಂದು ತಾಸಿನಾಗ. ಏನ್ ಹೇಳ್ಲಿ ನಾ?" ಎಂದು ಮತ್ತೆ ನಕ್ಕಳು.

ಎರಡು ದಿನ ಅತ್ತೆ ನನಗೆ ಊಟ ಬಡಿಸಿದರು, ಮಾತು ಬಡಿಸಲಿಲ್ಲ. ತಪ್ಪು ನನ್ನದೇ ಎಂದು ನನಗೆ ಮೊದಲ ರಾತ್ರಿಯೇ ತಿಳಿದಿತ್ತು, ಆದರೆ ಹೇಳುವುದು ಹೇಗೆ? ಮೂರನೆಯ ದಿನ ತಾಯಿಗಿಡ ಮತ್ತೆ ಹೊಸ ಬಳ್ಳಿ ಬಿಡತೊಡಗಿತು. ಗಿಡಕ್ಕೆ ಸಿಟ್ಟು ಇಟ್ಟುಕೊಳ್ಳುವುದು ಗೊತ್ತಿಲ್ಲ. ಬಳ್ಳಿ ಒತ್ತಿಡಲು ತಂತಿ ಹುಡುಕುತ್ತ ಹಿತ್ತಲಲ್ಲಿ ಕೂತಿದ್ದೆ. ಅತ್ತೆ ಬಂದು ನನ್ನ ಪಕ್ಕದಲ್ಲಿ ಒಂದು ಹಳೆಯ ಬಿಸ್ಕೀಟಿನ ಡಬ್ಬಿ ಇಟ್ಟರು. ತೆಗೆದರೆ ಒಳಗೆ ಕಪ್ಪು ಪಿನ್ನುಗಳು, ಮುಷ್ಟಿ ತುಂಬ.

"ಟೋಪಿ ಪಿನ್ನವು. ನರ್ಸ್ ಟೋಪಿ ತಲಿಗಿ ಇದರಲೇ ಚುಚ್ಚತಿದ್ದೆ. ಮೂವತ್ತು ವರ್ಷ. ಈಗ ಯಾರಿಗಿ ಬೇಕು."

ಒಂದನ್ನು ಎತ್ತಿ ಎರಡು ಕಾಲು ಅಗಲಿಸಿದೆ. ತೋಟದ ತಂತಿಗಿಂತ ಚೆನ್ನಾಗಿತ್ತು, ಮೃದುವಾಗಿ ಹಿಡಿಯುತ್ತಿತ್ತು.

"ನಾನೇ ಪೂರ್ತಿ ಹೇಳಬೇಕಿತ್ರಿ ಅತ್ತಿ" ಎಂದೆ.

"ಈಗ ಹೇಳ್ರಿ" ಎಂದು ಪಕ್ಕದಲ್ಲಿ ಕೂತರು.

ಹೇಳಿದೆ. ಹೂವು ಯಾಕೆ ಚಿವುಟಬೇಕು, ಕುತ್ತಿಗೆ ಎಷ್ಟು ಮೇಲಿರಬೇಕು, ಒಂದು ಬಳ್ಳಿಯಲ್ಲಿ ಮೊದಲೆರಡು ಮರಿಗಳನ್ನು ಇಟ್ಟು ಮುಂದಿನ ತುದಿ ಯಾಕೆ ಮುರಿಯಬೇಕು, ಜಗ್ಗಿ ನೋಡುವುದು ಹೇಗೆ. ಏಳನೆಯ ತರಗತಿಯವನು ಹೇಳಿದ, ಮೂವತ್ತು ವರ್ಷದ ಸಿಸ್ಟರ್ ಕೇಳಿದರು. ಕೊನೆಗೆ, "ಹಂಗಂದ್ರ ಇದು ನಾಳ ಅಲ್ರಿ ಅಳಿಯಾರ, ಇದು ಬಾಳಂತನ. ಮೊದಲೇ ಹಂಗ ಹೇಳಿದ್ರ ನನಗ ತಿಳೀತಿತ್ತು" ಎಂದರು. 'ರಿ' ಹಿಂತಿರುಗಿತ್ತು. ವಾರ ಕಳೆದು ಹೊಸ ಬಳ್ಳಿಗಳ ತುದಿ ಕಣ್ಣು ಬಿಟ್ಟಾಗ ಆರು ಮರಿಗಿಡಗಳಿಗೆ ಆರು ಪಿನ್ನು. ಅವರು ಪ್ರತಿದಿನ ಕನ್ನಡಕ ಹಾಕಿಕೊಂಡು ರೌಂಡ್ಸ್ ಬರುತ್ತಿದ್ದರು.

ಮುಕಾದಮನ ಫೋನು ಬಂದದ್ದು ಆಗಸ್ಟಿನಲ್ಲಿ. ಮಡಿ ತಯಾರಾಗಿದೆ, ಜೋಡಿಗಳೆಲ್ಲ ಸೋಮವಾರ ಹೊರಡುತ್ತಿವೆ, ನೀವೂ ಬನ್ನಿ. ಊಟಕ್ಕೆ ಕೂತಾಗ ನಾನು ಸುದ್ದಿ ಹೇಳಿದೆ, ಕೇಳಲಿಲ್ಲ, ಹೇಳಿದೆ.

"ಸೋಮವಾರ ಹೊಂಡ್ತೇವ್ರಿ."

ಅತ್ತೆ ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ. "ಹೋಗಿ ಬರ್ರಿ."

"ನಾ ಒಬ್ಬಾಂವ ಅಲ್ರಿ. ಮೂವರೂ."

ಈಗ ಕೈ ನಿಂತಿತು. "ಕೂಸಿಗಿ ಮೂರು ತಿಂಗಳು ತುಂಬಿಲ್ಲ. ಐದಕ್ಕ ಕಳಿಸೂದು ನಮ್ಮ ಪದ್ಧತಿ. ಅಲ್ಲಿ ತಗಡಿನ ಕೆಳಗ, ಕೆಸರಿನಾಗ, ಔಷಧ ಹೊಡೆಯೂ ಹೊಲದಾಗ ಮಲಗಸ್ತೀರೇನ್ರಿ ಅದಕ್ಕ?"

"ಎಲ್ಲಾರೂ ಮಲಗಸ್ತಾರ್ರಿ. ಮಾತು ಕೊಟ್ಟೀನಿ. ಜೋಡಿ ಇಲ್ಲಂದ್ರ ಕೆಲಸ ಇಲ್ಲ. ಮನಿ ಅಳಿಯ ಆಗಿ ಕೂಡೂ ಮನಶ್ಯಾ ನಾ ಅಲ್ಲ."

"ನಿಮಗ ಮನಿ ಅಳಿಯ ಅಂತ ಯಾರು ಅಂದ್ರು? ಮುಂಜಾನಿ ಆರಕ್ಕ ಹೋಗ್ತೀರಿ, ಸಂಜಿ ಏಳಕ್ಕ ಬರ್ತೀರಿ. ಬಂದ ಮ್ಯಾಲ ನೀರು ತರ್ತೀರಿ. ನನ್ನ ಕೈಲೆ ಎರಡು ರೊಟ್ಟಿ ತಿಂತೀರಿ, ಅದೂ ಎಣಿಸಿ." ಅವರ ದನಿ ಏರಲಿಲ್ಲ. "ಬೇರು ಹಿಡೀದ ಕತ್ತರಸ್ತಾರೇನು ಅಂತ ನನ್ನ ಮ್ಯಾಲ ಯಾರು ಸಿಟ್ಟಾಗಿದ್ರು ರಿ ಅಳಿಯಾರ?"

ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಇಟ್ಟೆ. ಗಿಡದ ಮಾತು ಬೇರೆ, ಮನುಷ್ಯರ ಮಾತು ಬೇರೆ ಎಂದೆ. ಹೇಳುವಾಗಲೇ ಅದು ಸೋತ ಮಾತು ಎಂದು ನನಗೇ ಕೇಳಿಸಿತು. ಆದರೂ ಸೋಮವಾರ ಎಂದರೆ ಸೋಮವಾರ ಎಂದು ಎದ್ದೆ.

ನನ್ನ ಹೆಂಡತಿ ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. ಅವಳು ಬರುತ್ತೇನೆ ಎಂದಿದ್ದರೆ ಅತ್ತೆ ತಡೆಯುತ್ತಿರಲಿಲ್ಲ, ಬರುವುದಿಲ್ಲ ಎಂದಿದ್ದರೆ ನಾನು ಬಲವಂತ ಮಾಡುತ್ತಿದ್ದೆನೋ ಏನೋ. ಮರುದಿನ ರವಿವಾರ. ಚರ್ಚು ಮುಗಿಸಿ ಬಂದು ಹಿತ್ತಲಿನ ಕಟ್ಟೆಯ ಮೇಲೆ ಮಗುವನ್ನು ತೊಡೆಗೆ ಹಾಕಿಕೊಂಡು ಕೂತಿದ್ದಳು.

"ಅವ್ವನ ಮಾತೂ ಬ್ಯಾಡ, ನಿಮ್ಮ ಮಾತೂ ಬ್ಯಾಡ" ಎಂದಳು. "ಪಿನ್ನು ಚುಚ್ಚಿ ಮೂರು ವಾರ ದಾಟ್ಯಾವ. ಜಗ್ಗಿ ನೋಡ್ತೇನಿ. ಬೇರು ಹಿಡದಿದ್ರ ನಾಳೆ ಹೊಂಡೂಣು. ಕಿತ್ತು ಕೈಗಿ ಬಂದ್ರ ಕೂಸಿಗಿ ಐದು ತಿಂಗಳು ತುಂಬೂತನಕ ನೀವೂ ಇಲ್ಲೇ, ನಾವೂ ಇಲ್ಲೇ. ಖರೆ?"

ನನಗೆ ನಗು ಬಂತು. ಮೂರು ವಾರ ದಾಟಿದ ಗಿಡ, ಮಳೆಗಾಲ, ಕೆಂಪು ಮಣ್ಣು. ನಾನು ಗೆದ್ದೆ ಎಂದುಕೊಂಡು, "ಖರೆ" ಎಂದೆ. ಅತ್ತೆ ಬಾಗಿಲಲ್ಲಿ ನಿಂತಿದ್ದರು.

ಮಗುವನ್ನು ನನ್ನ ಕೈಗೆ ಕೊಟ್ಟು ಅವಳು ಬಾಗಿದಳು. ಗೋಡೆಯ ಪಕ್ಕದ ಮರಿಗಿಡ ಹಿಡಿದಳು. ಪಿನ್ನು ತೆಗೆದು, ಎರಡು ಬೆರಳಲ್ಲಿ ಮೆಲ್ಲಗೆ ಜಗ್ಗಿದಳು, ತೋಟದಲ್ಲಿ ಜಗ್ಗುತ್ತಿದ್ದ ಹಾಗೇ.

ಗಿಡ ಕೈಗೆ ಬಂತು. ಬುಡದಲ್ಲಿ ಬಿಳಿಯ ಬೇರು ಅಲ್ಪಸ್ವಲ್ಪ, ಅದಕ್ಕೆ ಅಂಟಿದ ನಾಲ್ಕು ಕಾಳು ಮಣ್ಣು.

ಮಗು ನನ್ನ ಅಂಗಿಯ ಗುಂಡಿ ಹಿಡಿದು ಬಾಯಿಗೆ ಎಳೆಯುತ್ತಿತ್ತು. ಆ ಪುಟ್ಟ ಮುಷ್ಟಿ ಬಿಡಿಸಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಹೊರಗೆ ಹೋಗಿ ಮುಕಾದಮನಿಗೆ ಫೋನು ಹಚ್ಚಿದೆ.

"ಜೋಡಿ ಬರಲ್ಲ ಈ ಸಲ."

"ಮಾತು ಕೊಟ್ಟಿದ್ದಿ. ಮುಂದ ನಿನ್ನ ಹೆಸರು ತಗೊಳ್ಳಲ್ಲ ನೋಡು."

"ಆಯ್ತು" ಎಂದೆ. ಆ ಬಾಗಿಲು ಅಲ್ಲಿಗೆ ಮುಚ್ಚಿತು. ಆ ದಿನ ನನಗೆ ಅದು ಸಣ್ಣದೇನಾಗಿರಲಿಲ್ಲ. ಒಳಗೆ ಬಂದಾಗ ಅತ್ತೆ ಆ ಕಿತ್ತ ಗಿಡವನ್ನು ಮತ್ತೆ ಊರಿ, ಪಿನ್ನು ಒತ್ತಿ, ಮಗುವಿನ ಎರಡನೆಯ ನೀರು ಹಾಕುತ್ತಿದ್ದರು. ನನಗೆ ಆ ರಾತ್ರಿ ಮೂರನೆಯ ರೊಟ್ಟಿ ಕೇಳದೆ ಹಾಕಿದರು. ನಾನೂ ತಿಂದೆ.

ಸೆಪ್ಟೆಂಬರಿನಲ್ಲಿ ಮಳೆ ಸುರಿದ ರೀತಿಗೆ ಕೆರೆ ಹಳ್ಳ ಒಂದಾದವು. ಜನವಾಡದ ಗೋಡೆ ಕೆಲಸ ಮುಗಿದ ಮೇಲೆ ಬೀದರದಲ್ಲೇ ಬೇರೆ ಕೆಲಸ ಸಿಕ್ಕಿತು. ನಡುನಡುವೆ ಊರಿಗೆ ಹೋಗಿ ಎರೆ ಹೊಲ ಹದ ಮಾಡಿ ಜೋಳ, ಕಡಲೆ ಬಿತ್ತಿ ಬಂದೆ. ಐದನೆಯ ತಿಂಗಳು ತುಂಬಿದಾಗ ಹೋಗುವುದು ತಗಡಿನ ಗುಡಿಸಲಿಗಲ್ಲ, ನಮ್ಮ ಮನೆಗೆ ಎಂದಾಯಿ‌ತು.

ಹೊರಡುವ ಮುಂಜಾನೆ ಅತ್ತೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಿಳಿ ಸೀರೆ ಉಟ್ಟು ಹಿತ್ತಲಿಗೆ ಬಂದರು. ಕೈಯಲ್ಲಿ ಸ್ಟೀಲಿನ ತಟ್ಟೆ. ಅದರಲ್ಲಿ ಕುದಿಸಿದ ಬ್ಲೇಡು, ಬಿಳಿ ದಾರದ ಉಂಡೆ.

"ಈಗ ಕತ್ತರಸಬಹುದೇನ್ರಿ ಅಳಿಯಾರ?"

"ಈಗ ಕತ್ತರಸ್ರಿ" ಎಂದೆ.

ಬಾಗಿ ಮೊದಲ ಬಳ್ಳಿಯನ್ನು ಹಿಡಿದರು. ಅದು ಅವರ ಬೆರಳಲ್ಲೇ ಮುರಿಯಿತು. ಎಲ್ಲ ಬಳ್ಳಿಗಳೂ ಒಣಗಿ ಹುಲ್ಲುಕಡ್ಡಿಯಾಗಿದ್ದವು. ಮರಿಗಿಡಗಳು ಎಂದೋ ತಮ್ಮ ಊಟ ತಾವೇ ಉಣ್ಣತೊಡಗಿದ್ದವು.

"ತಾನೇ ಬಿದ್ದದ ರಿ" ಎಂದರು, ಆ ಕಡ್ಡಿಯನ್ನು ನೋಡುತ್ತ. "ಹೊಕ್ಕಳ ಬಿದ್ದಂಗ." ಬ್ಲೇಡನ್ನು ಕಾಗದದಲ್ಲಿ ಸುತ್ತಿ ಇಟ್ಟರು. ಸೆರಗಿನಿಂದ ಕನ್ನಡಕ ಒರೆಸಿಕೊಂಡರು, ಎರಡು ಸಲ.

ಎರಡು ತಾಯಿಗಿಡ ಅವರಲ್ಲೇ ಉಳಿದವು. ಆರು ಮರಿಗಳನ್ನು ಮಣ್ಣುಂಡೆ ಸಮೇತ ಎತ್ತಿದೆ, ಕೈಗೆ ಸಿಕ್ಕ ಪಿನ್ನುಗಳನ್ನು ಅತ್ತೆಯ ಡಬ್ಬಿಗೆ ಹಾಕಿದೆ. ಜೊತೆಗೆ ಎರಡು ಚೀಲ ಬೀದರದ ಕೆಂಪು ಮಣ್ಣು. ಔರಾದ ಬಸ್ಸಿನ ಕಂಡಕ್ಟರ್ ಚೀಲ ಮುಟ್ಟಿ ನೋಡಿದ.

"ಏನ್ರಿ ಇದರಾಗ, ಅಕ್ಕಿ?"

"ಮಣ್ಣು ರಿ."

"ನಿಮ್ಮೂರಾಗ ಮಣ್ಣು ಮುಗದದೇನ್ರಿ?"

"ತವರುಮನಿ ಮಣ್ಣು ರಿ ಅಣ್ಣಾ. ಬಾಳಂತಿ ಜೋಡಿ ಕೊಟ್ಟಾರ" ಎಂದಳು ನನ್ನ ಹೆಂಡತಿ. ಬಸ್ಸೆಲ್ಲ ನಕ್ಕಿತು. ಅವನು ಲಗೇಜ್ ಟಿಕೆಟ್ ಹರಿಯಲಿಲ್ಲ.

ಜನವರಿಯಲ್ಲಿ ಮೊದಲ ಹಣ್ಣು ಕೆಂಪಾಯಿತು. ಅದನ್ನು ಅವಳ ಅಂಗೈಯಲ್ಲಿ ಇಟ್ಟೆ. ವರ್ಷದ ಹಿಂದೆ ತೋಟದಲ್ಲಿ ಆಡಿದ ಮಾತು ಅವಳಿಗೂ ನೆನಪಿತ್ತು. ಅರ್ಧ ಕಚ್ಚಿ, ಉಳಿದರ್ಧ ನನ್ನ ಬಾಯಿಗೆ ಹಾಕಿ, ತುಟಿ ಒರೆಸಿಕೊಳ್ಳದೆ ಹೇಳಿದಳು:

"ಒಂದ್ ಮಾತು ಹೇಳ್ತೇನಿ. ಸಿಟ್ಟಾಗಬಾರದು ರಿ."

"ಹೇಳು."

"ಆ ರವಿವಾರ ನಾ ಜಗ್ಗಿದ ಗಿಡ, ಚರ್ಚಿಗಿ ಹೋಗೂಕಿಂತ ಮೊದಲೇ ಕಿತ್ತಿದ್ದೆ. ಕಿತ್ತು, ಬೇರು ಚಿವುಟಿ, ಮತ್ತ ಊರಿ ಇಟ್ಟಿದ್ದೆ."

ಬಾಯಲ್ಲಿದ್ದ ಹಣ್ಣು ನುಂಗಿ ಕೇಳಿದೆ.

"ಉಳದ ಐದು?"

"ಕಲ್ಲಿನಂಗ ಹಿಡದಿದ್ವು."

"ಅತ್ತಿಗಿ ಗೊತ್ತಿತ್ತು?"

"ಆ ಮುಂಜಾನಿ ನಾ ಊರಿದ ಮ್ಯಾಲ ಮತ್ತ ಪಿನ್ನು ಚುಚ್ಚಿ ಮಣ್ಣು ಸಾಪ್ ಮಾಡಿದಾಕಿ ಅಕೀನೇ."

ಆರು ಗಿಡಗಳಲ್ಲಿ ಯಾವುದು ಎಂದು ಕೇಳಿದೆ. ತುದಿಯದನ್ನು ತೋರಿಸಿದಳು. ಎರಡು ಸಲ ಕಿತ್ತರೂ ಬದುಕಿದ ಗಿಡ, ಉಳಿದವಕ್ಕಿಂತ ಸಣ್ಣದು, ಬುಡದಲ್ಲಿ ತುಕ್ಕು ಹಿಡಿದ ಪಿನ್ನು ಇನ್ನೂ ಹಾಗೇ ಇತ್ತು. ಅಲ್ಲಿಯೇ ಕುಕ್ಕರಗಾಲಿನಲ್ಲಿ ಕೂತು ಬೀದರಿಗೆ ಫೋನು ಹಚ್ಚಿದೆ. ಗದರಬೇಕು ಎಂದೇ ಹಚ್ಚಿದ್ದು.

"ಅತ್ತಿ, ನೀವು ತಾಯಿ ಮಗಳು ಕೂಡಿ ನನಗ ಟೋಪಿ ಹಾಕಿದ್ರಿ."

ಆ ಕಡೆಯಿಂದ ಸಿಸ್ಟರ್ ದನಿ, ವಾರ್ಡಿನಲ್ಲಿ ಮಾತಾಡಿದ ಹಾಗೆ, ಏರದೆ ಇಳಿಯದೆ:

"ಮೂವತ್ತು ವರ್ಷ ಆ ಟೋಪಿ ನಾ ಹಾಕ್ಕೊಂಡೀನ್ರಿ ಅಳಿಯಾರ. ಒಂದ್ ದಿನ ನಿಮಗ ಹಾಕಿದ್ರ ಏನಾಯ್ತು? ಪಿನ್ನು ಎಲ್ಲಾ ವಾಪಸ್ ಬಂದಿಲ್ಲ ನೋಡ್ರಿ, ಆರರಾಗ ಐದೇ ಅವ."